ಹೆವಿ ಸ್ಟೇರಿಂಗ್ ಬೇಡ

ಅನ್ನ ಉಂಡೇ ಬದುಕುವವರು ಪ್ರಪಂಚದಲ್ಲಿದ್ದಾರೆ ಎಂದು ಕೇಳಿದ್ದೇನೆ. ಇರಲಿ, ಅವರಿಗೂ ದೇವರು ಒಳ್ಳೆಯದು ಮಾಡಲಿ. ನನ್ನದು ಮಾತ್ರ ಬಡವನಹಳ್ಳಿಯಲ್ಲಿ ಹುಟ್ಟಿದ ಹೊಟ್ಟೆ. ಎರಡು ಹೊತ್ತೂ ರಾಗಿ ಮುದ್ದೆ ಬೀಳದಿದ್ದರೆ ಅದು ಸ್ಟಾರ್ಟೇ ಆಗುವುದಿಲ್ಲ. (ನಮ್ಮ ಕಡೆ ಮುದ್ದೆಗೂ ಹಿಟ್ಟು ಎಂದೇ ಅನ್ನುತ್ತೇವೆ. 'ಹಿಟ್ಟು ಆಯ್ತಾ' ಎಂದರೆ ಊಟಕ್ಕೆ ಮುದ್ದೆ ಸಿದ್ಧವಾಯಿತೇ ಎಂದರ್ಥ; ಗಿರಣಿಯ ವಿಚಾರವಲ್ಲ.) ಇಂಥ ಹೊಟ್ಟೆಗೆ ಬಂದ ಗಂಡಾಂತರವನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಅದು ಬಂದದ್ದು ನನ್ನ ಹೆಂಡತಿಯ ಬಲಭುಜದ ಮೂಲಕ.

ನಾನು ಮೂಡಲಗಿರಿಯಪ್ಪ. ಸಿರಾ, ಮಧುಗಿರಿ, ಪಾವಗಡ ರೂಟಿನ ಬಸ್ಸಿನ ಸ್ಟೇರಿಂಗನ್ನು ಕೂದಲು ಕಪ್ಪಗಿದ್ದಾಗ ಹಿಡಿದು, ಕೂದಲು ಉದುರಿದ ಮೇಲೆ ಬಿಟ್ಟವನು. ನನ್ನದು ಹೆವಿ ಲೈಸೆನ್ಸು. ಲೈಟ್ ಲೈಸೆನ್ಸಿನವರನ್ನು ಕಂಡರೆ ಈಗಲೂ ನನಗೆ ಸ್ವಲ್ಪ ಅಯ್ಯೋ ಪಾಪ ಅನ್ನಿಸುತ್ತದೆ. ನನ್ನ ಬಸ್ಸಿಗೆ ಕಂಡಕ್ಟರಾಗಿದ್ದ ಪಾಲಪ್ಪನೂ ರಿಟೈರಾಗಿ ಮಧುಗಿರಿಯ ನಮ್ಮ ಬೀದಿಯಲ್ಲೇ ಇದ್ದಾನೆ. ಬಸ್ಸು ಹೋದರೂ ಅವನ ನಾಲಿಗೆಯಿಂದ 'ರೈಟ್, ರೈಟ್' ಹೋಗಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟಾಗಲೂ ರೈಟ್ ಅನ್ನುತ್ತಾನೆ.

ನನ್ನ ಧರ್ಮಪತ್ನಿ ರಾಜಲಕ್ಷ್ಮಮ್ಮ. ನಾನು ಕರೆಯುವುದು ರಾಜಿ ಎಂದು. ಹೆಸರೇ ರಾಜಿ, ಆದರೆ ಯಾವುದಕ್ಕೂ ರಾಜಿಯಾದವಳಲ್ಲ. ಒಂದೇ ಒಂದು ವಿಷಯದಲ್ಲಿ ಅವಳು ನನ್ನೆದುರು ಸುಮ್ಮನಾಗಿದ್ದಳು. ರಿಟೈರಾದಾಗ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತಂದೆ. "ನಂಗೂ ಓಡ್ಸೋದು ಕಲಿಸ್ಕೊಡ್ರೀ" ಅಂದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕು, "ಲೇ, ಸ್ಟೇರಿಂಗ್ ಅಂದ್ರೆ ಹಿಟ್ಟಿನ ಕೋಲು ಅನ್ಕೊಂಡ್ಯಾ?" ಎಂದೆ. (ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಅವಳು ಇಟ್ಟುಕೊಂಡಿದ್ದಳು.)

ಗೌರಿ ಹಬ್ಬದ ಹಿಂದುಮುಂದು ಒಂದು ಬೆಳಿಗ್ಗೆ ರಾಜಿ ಅಟ್ಟದ ಮೇಲಿದ್ದ ರಾಗಿ ಹಿಟ್ಟಿನ ಡಬ್ಬ ಇಳಿಸಲು ಹೋದಳು. ಭುಜದೊಳಗೆ 'ಕಳಕ್' ಅಂತು. ಆ ಸದ್ದು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ನನಗೂ ಕೇಳಿಸಿತು. ಆಮೇಲೆ ಡಬ್ಬ ಬಿದ್ದ ಸದ್ದು, ಆಮೇಲೆ ನನ್ನನ್ನು ಬೈಯುವ ಸದ್ದು. ಎಣ್ಣೆ ತಿಕ್ಕಿದೆವು, ಬಿಸಿನೀರಿನ ಶಾಖ ಕೊಟ್ಟೆವು, ತೋಳು ಮಾತ್ರ ಮೇಲೇಳಲಿಲ್ಲ. ಕೊನೆಗೆ ತುಮಕೂರಿಗೆ ಕರೆದುಕೊಂಡು ಹೋದೆ.

ಡಾಕ್ಟರು ನವೀನ್ ಕುಮಾರ್ ಚಿಕ್ಕ ವಯಸ್ಸಿನವರು. ಕನ್ನಡ ಶುರು ಮಾಡಿ ಇಂಗ್ಲಿಷಿನಲ್ಲಿ ಮುಗಿಸುವ ಪೈಕಿ. ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು, "ತೋಳು ಎತ್ತೋ ಸ್ನಾಯುವಿನ ಹುರಿ ಹರಿದಿದೆ. ವರ್ಷಗಟ್ಟಲೆ ಸವೆದು ಸವೆದು ಈಗ ಪೂರ್ತಿ ಹೋಗಿದೆ. ಆಪರೇಷನ್ ಮಾಡಿ ಹೊಲಿಯಬೇಕು" ಎಂದರು.

"ಅಂದ್ರೆ ಕ್ಲಚ್ ಕೇಬಲ್ ಕಟ್ಟಾದಂಗೆ ಅನ್ನಿ ಸಾರ್."

"ಹಾಗೇ ಅಂದ್ಕೊಳ್ಳಿ."

"ಅಂಗಾದ್ರೆ ಸಾಯಂಕಾಲಕ್ಕೆ ಗಾಡಿ ಕೊಡ್ತೀರಾ?"

ಡಾಕ್ಟರು ನನ್ನನ್ನೊಮ್ಮೆ ನೋಡಿದರು, ರಾಜಿಯನ್ನೊಮ್ಮೆ ನೋಡಿದರು. ಅವಳ ಮೇಲೆ ಕನಿಕರ ಬಂದಿರಬೇಕು, ಕುಡಿಯಲು ನೀರು ಕೊಡಿಸಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು: ಈ ಕಾಯಿಲೆಗೆ ಇಂತಿಷ್ಟೇ ಟೈಮ್ ಎಂದಿಲ್ಲ. ವಯಸ್ಸು ಎಷ್ಟು, ಹರಿದಿರುವುದು ಎಷ್ಟು ಅಗಲ, ಶುಗರು ಇದೆಯೇ, ಮನೆಯಲ್ಲಿ ಬೀಡಿ ಸಿಗರೇಟು ಉಂಟೇ, ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾರೋ ಕಳ್ಳ ಬೀಳುತ್ತಾರೋ, ಬೇಡ ಅಂದ ಕೆಲಸ ಮಾಡುತ್ತಾರೋ, ಎಲ್ಲವನ್ನೂ ನೋಡಿಕೊಂಡು ಭುಜ ತನ್ನ ಟೈಮ್ ತಾನೇ ಹಾಕಿಕೊಳ್ಳುತ್ತದೆಯಂತೆ. ಇದೊಳ್ಳೆ ಕಥೆಯಾಯಿತಲ್ಲ ಅಂದುಕೊಂಡೆ. ನಾವು ಐದು ನಿಮಿಷ ಲೇಟಾದರೆ ಟೈಮ್ ಕೀಪರ್ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಅವಸರಪಡುವುದಕ್ಕೆ ನಮಗೆ ಬೇರೆ ಕಾರಣವೂ ಇತ್ತು. ಶಿವರಾತ್ರಿ ಕಳೆದ ಮೇಲೆ ರಾಜಿಯ ತಮ್ಮ ಪರ್ವತಯ್ಯನ ಮಗಳು ಬಿಂದುಶ್ರೀಯ ಮದುವೆ, ಪಾವಗಡದಲ್ಲಿ. ಅವರ ಮನೆತನದಲ್ಲಿ ಮದುಮಗಳ ಹಣೆಗೆ ಬಾಸಿಂಗ ಕಟ್ಟುವವಳು ಸೋದರತ್ತೆ. ರಾಜಿಗೆ ಅವಳ ಸೋದರತ್ತೆ ಕಟ್ಟಿದ್ದಳು. ರಾಜಿ ಈಗ ಬಿಂದುಶ್ರೀಗೆ ಕಟ್ಟಬೇಕು. ಬಿಂದುಶ್ರೀಯೋ ವಾಲಿಬಾಲ್ ಆಡಿ ಬೆಳೆದ ಹುಡುಗಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಾಳೆ. ರಾಜಿ ಅವಳ ಭುಜದಷ್ಟು. ತೋಳು ಎರಡೂ ಪೂರ್ತಿ ಮೇಲೆದ್ದರಷ್ಟೇ ಬಾಸಿಂಗ. ಇಲ್ಲದಿದ್ದರೆ ಆ ಯೋಗ ರಾಜಿಯ ದೊಡ್ಡಪ್ಪನ ಮಗಳು ವನಜಾಳಿಗೆ. ವನಜಾ ಆಗಲೇ ಅದಕ್ಕೆ ಹೊಂದುವ ಸೀರೆ ತಗೊಂಡಿದ್ದಾಳೆಂದು ಸುದ್ದಿಯೂ ಬಂತು.

"ವನಜಾ ಬಾಸಿಂಗ ಕಟ್ಟೋದನ್ನ ನೋಡ್ಕೊಂಡು ನಾನು ಕೆಳಗೆ ಕುಂತಿರ್ಬೇಕಾ? ಮದ್ವೆಗೇ ಬರಕಿಲ್ಲ, ಬುಡಿ" ಎಂದು ಆಪರೇಷನ್ ಕೋಣೆಗೆ ಹೋಗುವಾಗಲೂ ಅಂದಳು. ಅವತ್ತೇ ನಾನು ಆಸ್ಪತ್ರೆಯ ಗೇಟಿನ ಹೊರಗೆ ಕೊನೆಯ ಬೀಡಿ ಎಳೆದು, ಕಟ್ಟನ್ನು ಮೋರಿಗೆ ಎಸೆದೆ. ಇದನ್ನು ಯಾರೂ ಮೆಚ್ಚಿಕೊಳ್ಳಲಿಲ್ಲವಾದ್ದರಿಂದ ಇಲ್ಲಿ ನಾನೇ ಹೇಳುತ್ತಿದ್ದೇನೆ.

ಆಪರೇಷನ್ ಸುಸೂತ್ರವಾಗಿ ಆಯಿತು. ಬಲಗೈಯನ್ನು ಕೊರಳಿಗೆ ತೂಗುಹಾಕಿದ ಬಟ್ಟೆಯ ಜೋಳಿಗೆಗೆ ಹಾಕಿಕೊಂಡು ರಾಜಿ ಮನೆಗೆ ಬಂದಳು. ಕೊರಟಗೆರೆಯಲ್ಲಿರುವ ಮಗಳು ಮಂಜುಳಾ ಬಂದು ಕೆಲವು ದಿನ ನೋಡಿಕೊಂಡು, ಮಕ್ಕಳ ಪರೀಕ್ಷೆ ಎಂದು ಹೊರಟಳು. ಅಲ್ಲಿಂದ ಪಾಕಶಾಲೆಯ ಸಾರಥ್ಯ ನನ್ನದಾಯಿತು. ಕುಕ್ಕರಿನಲ್ಲಿ ಅನ್ನ, ಅದರ ಮೇಲೆ ತಿಳಿಸಾರು. ಅದೂ ಕೆಟ್ಟ ದಿನ ಬ್ರೆಡ್ಡು. ನಮ್ಮ ಕಡೆ ಆಸ್ಪತ್ರೆಯಿಂದ ಬಂದವರನ್ನು ಮಾತಾಡಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ, ಬ್ರೆಡ್ಡು ತರುತ್ತಾರೆ. ಕಾಯಿಲೆ ಕಾಲಿನದಾಗಲಿ, ಕಣ್ಣಿನದಾಗಲಿ, ಬ್ರೆಡ್ಡೇ. ಪಾಲಪ್ಪನೂ ತಂದ. ಬ್ರೆಡ್ಡು ಟೇಬಲ್ಲು ತುಂಬಿ, ಟಿವಿಯ ಮೇಲೂ ಕೂತಿತು. ಅದನ್ನು ತಂದವರಿಗೆಲ್ಲ ಕಾಫಿ ಕಾಯಿಸಿ ಕಾಯಿಸಿ ನನ್ನ ಕೈಗೂ ಹಾಲಿನ ವಾಸನೆ ಹಿಡಿಯಿತು.

ಇದಲ್ಲದೆ ಕೇಶಾಲಂಕಾರದ ಖಾತೆ ಬೇರೆ. ರಾಜಿಯ ಕೂದಲು ದಟ್ಟ, ಉದ್ದ. ಒಂದು ಕೈಯಲ್ಲಿ ಅವಳಿಗೆ ಗಂಟು ಹಾಕಿಕೊಳ್ಳಲಾಗದು. ನನಗೆ ಗೊತ್ತಿದ್ದ ಹೆಣೆಯುವ ವಿದ್ಯೆ ಎಂದರೆ ಬಸ್ಸಿನ ಟಾಪಿನ ಮೇಲೆ ಮೂಟೆ ಕಟ್ಟುವುದು. ಅದನ್ನೇ ಪ್ರಯೋಗಿಸಿದೆ.

"ಅಯ್ಯಯ್ಯೋ, ಕಣ್ ಮುಚ್ಚಕ್ಕಾಯ್ತಿಲ್ಲ! ಹುಬ್ಬೆಲ್ಲ ಮ್ಯಾಕ್ಕೆ ಹೋಗೈತೆ, ಸಡಿಲ ಬುಡ್ರೀ!"

"ಸಡಿಲ ಬುಟ್ರೆ ಹಂಪ್ಸಲ್ಲಿ ಬಿದ್ದೋಗ್ತದೆ ಕಣೇ."

ಜೋಳಿಗೆ ತೆಗೆಯುವ ಹೊತ್ತಿಗೆ ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಮೇಲಕ್ಕೆ ನಡೆಸಬೇಕು. ಎಷ್ಟು ಎತ್ತರ ಮುಟ್ಟಿದರೆ ಅಷ್ಟು ಲಾಭ. ಅದೇ ಸಮಯಕ್ಕೆ ಪರ್ವತಯ್ಯ ಮಗಳನ್ನು ಕರೆದುಕೊಂಡು ನೋಡಲು ಬಂದ. (ಬ್ರೆಡ್ಡು ತಂದಿದ್ದ.) ರಾಜಿ ಬಿಂದುಶ್ರೀಯನ್ನು ಅಡುಗೆಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿ, ಅವಳ ಹಣೆಯ ಎತ್ತರಕ್ಕೆ ನನ್ನ ಕೈಯಲ್ಲಿ ಅರಿಶಿನದ ಬೊಟ್ಟು ಇಡಿಸಿದಳು. ಆಮೇಲೆ ದಿನಾ ತನ್ನ ಬೆರಳು ಮುಟ್ಟಿದ ಜಾಗಕ್ಕೆ ಕುಂಕುಮದ ಬೊಟ್ಟು. ಕುಂಕುಮ ಹೋಗಿ ಅರಿಶಿನವನ್ನು ಮುಟ್ಟಬೇಕು, ಅಷ್ಟೇ ನಮ್ಮ ಮನೆಯ ಗುರಿ.

"ಏಂ ಬಾವಾ, ಅಕ್ಕಂದು ಚೆಯ್ಯಿ ಲೇಸ್ತಾ ಐತಾ, ಲೇದಾ?" ಎಂದು ಪರ್ವತಯ್ಯ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. (ಪಾವಗಡದವರ ಕನ್ನಡ ಅರ್ಧ ತೆಲುಗು. ಅಕ್ಕನ ಕೈ ಏಳುತ್ತಿದೆಯೋ ಇಲ್ಲವೋ ಎಂದು.)

"ಏಳ್ತದೆ ಬುಡಪ್ಪ, ನಾನಿಲ್ವಾ?" ಎಂದೆ.

ಸ್ವಲ್ಪ ರಿವರ್ಸ್ ಹೋಗಿ ಜೋಳಿಗೆ ತೆಗೆಸಲು ಹೋದ ದಿನದ ಮಾತು ಹೇಳುತ್ತೇನೆ, ಕಥೆ ಹಳ್ಳಕ್ಕಿಳಿದದ್ದು ಅಲ್ಲೇ. ರಾಜಿ ಒಳಗೆ ವ್ಯಾಯಾಮದ ಕೋಣೆಯಲ್ಲಿದ್ದಳು. ನಾನು ಔಷಧಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಡಾಕ್ಟರು ಬೇರೆ ಯಾರನ್ನೋ ನೋಡಲು ಅವಸರದಲ್ಲಿ ಹೊರಟವರು ನನ್ನನ್ನು ಕಂಡು, ನಡೆಯುತ್ತಲೇ, "ಯಜಮಾನ್ರೇ, ಇನ್ಮೇಲೆ ಕೈ ಆಡಿಸಲಿ. ತರಕಾರಿ ಹೆಚ್ಚಲಿ, ಕಾಫಿ ಮಾಡಲಿ. ಒಂದೇ ಒಂದು ಬೇಡ. ನೋ ಹೆವಿ ಸ್ಟೇರಿಂಗ್! ಏನನ್ನೂ ಜೋರಾಗಿ ತಿರುಗಿಸಬಾರದು. ನಾನು ಹೇಳೋವರೆಗೂ ಬೇಡವೇ ಬೇಡ" ಎಂದರು.

ನನ್ನ ಎದೆ ಉಬ್ಬಿತು. ಇಷ್ಟು ದೊಡ್ಡ ಡಾಕ್ಟರಿಗೆ ನಾನು ಹೆವಿ ಡ್ರೈವರ್ ಎಂಬುದು ನೆನಪಿದೆ. ಡ್ರೈವರನ ಹೆಂಡತಿಯಾದ್ದರಿಂದ ಎಲ್ಲಿ ಬಸ್ಸು, ಲಾರಿ ಹತ್ತಿಬಿಡುತ್ತಾಳೋ ಎಂದು ಮುಂಜಾಗ್ರತೆ ಹೇಳುತ್ತಿದ್ದಾರೆ. "ಆಯ್ತು ಸಾರ್, ಮುಟ್ಟೋಕೂ ಬುಡಲ್ಲ" ಎಂದು ಮಾತು ಕೊಟ್ಟೆ. ಹೆವಿ ಬೇಡ ಎಂದಮೇಲೆ ಲೈಟೂ ಬೇಡ ಎಂದು ನಾನೇ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿನ ಕೀಯನ್ನು ನನ್ನ ಉಡಿದಾರಕ್ಕೆ ಕಟ್ಟಿಕೊಂಡೆ.

ಮನೆಗೆ ಬಂದವಳೇ ರಾಜಿ ಕೇಳಿದಳು: "ಹಿಟ್ಟು ತಿರುವಬೌದಾ ಅಂತ ಕೇಳಿದ್ರಾ?"

"ಕೇಳೋದೇನು? ಎಲ್ಲಾ ಮಾಡ್ಲಿ ಅಂದವ್ರೆ. ಬ್ಯಾಡ ಅಂದಿರೋದು ಒಂದೇ, ಸ್ಟೇರಿಂಗ್."

"ಸ್ಟೇರಿಂಗಾ? ನಾನೆಲ್ಲಿ ಸ್ಟೇರಿಂಗ್ ಹಿಡೀತೀನಿ? ಆ ಡಾಕ್ಟ್ರಿಗೇನ್ ಹುಚ್ಚಾ?"

"ದೊಡ್ಡೋರು ಮುಂದಾಲೋಚ್ನೆ ಮಾಡಿ ಹೇಳ್ತಾರೆ ಕಣೇ. ನೀನು ಎಸರಿಡು."

ಎಸರಿಟ್ಟಳು. ನೀರು ಕುದಿಯಿತು, ಹಿಟ್ಟು ಬಿತ್ತು, ಕೋಲು ಇಳಿಯಿತು. ಪಾತ್ರೆಯನ್ನು ಕೆಳಗಿಳಿಸಿ, ಕಾಲಿನಲ್ಲಿ ಒತ್ತಿ ಹಿಡಿದು, ಎರಡು ಕೈಯಲ್ಲೂ ಕೋಲನ್ನು ಗರಗರ ತಿರುವಿದಳು. ಹಲ್ಲು ಕಚ್ಚಿದ್ದಳು, ಹಣೆಯ ಮೇಲೆ ಬೆವರಿತ್ತು. ನನಗೆ ಅದು ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. "ನೋಯ್ತದಾ?" ಎಂದೆ. "ನೋವಿದ್ರೇನೇ ಅಲ್ವಾ ವ್ಯಾಯಾಮ? ಡಾಕ್ಟ್ರು ಒಳ್ಳೇದಕ್ಕೇ ಹೇಳಿರ್ತಾರೆ" ಎಂದಳು. ಅಷ್ಟರಲ್ಲಿ ನುಣ್ಣನೆಯ ಮುದ್ದೆ ತಟ್ಟೆಗೆ ಬಂತು, ಪಕ್ಕದಲ್ಲಿ ಹುರುಳಿಕಾಳಿನ ಬಸ್ಸಾರು. ನನ್ನ ವಿವೇಕ ಅಲ್ಲಿಗೆ ಮುಗಿಯಿತು. ಉಳಿದ ಬ್ರೆಡ್ಡನ್ನೆಲ್ಲ ಬೀದಿಯ ನಾಯಿಗಳಿಗೆ ಹಾಕಿಸಿದೆ. ಅವೂ ಮೂಸಿ ನೋಡಿ ಹೋದವು.

ಮೊದಮೊದಲು ಒಂದೆರಡು ಬೆರಳು ಹತ್ತಿದ್ದ ಗೋಡೆಯ ಮೇಲಿನ ಕುಂಕುಮ ಅಲ್ಲಿಗೇ ನಿಂತುಹೋಯಿತು. ದಿನಾ ಒಂದೇ ಜಾಗಕ್ಕೆ ಬೊಟ್ಟಿಟ್ಟು ಇಟ್ಟು ಅದು ಅಮ್ಮನವರ ಹಣೆಯ ಬೊಟ್ಟಿನಷ್ಟಾಯಿತು. ಬರಬರುತ್ತಾ ಕೆಳಕ್ಕೂ ಇಳಿಯತೊಡಗಿತು. ಮಲಗಿದರೆ ನೋವು, ರವಿಕೆ ಹಾಕಿಕೊಳ್ಳಲು ನೋವು.

ನಾನು ಪಾಲಪ್ಪನನ್ನು ಕರೆಸಿ ಸಮಾಲೋಚನೆ ನಡೆಸಿದೆ. "ಬದನೆಕಾಯಿ ನಂಜು ಕಣ್ ಡ್ರೈವರಣ್ಣ, ನಿಲ್ಸು" ಎಂದ. ನಿಲ್ಲಿಸಿದೆವು. "ಆಲೂಗಡ್ಡೆ ವಾಯು." ಅದೂ ಹೋಯಿತು. "ಅಕ್ಕ ಬಡಗಲಿಗೆ ತಲೆ ಹಾಕಿ ಮನೀಕೊಳ್ತದಾ?" ಮಂಚ ತಿರುಗಿಸಿದೆವು, ಅದನ್ನು ತಿರುಗಿಸುವಾಗ ಬೀರುವಿನ ಕನ್ನಡಿ ಒಡೆಯಿತು. "ಇದು ದೃಷ್ಟಿನೇ ಕಣಣ್ಣ. ಯಾರೋ ಬಾಸಿಂಗದ ಮ್ಯಾಲೆ ಕಣ್ ಹಾಕವ್ರೆ" ಎಂದ. ವನಜಾಳ ಸೀರೆ ನೆನಪಾಗಿ ನಮಗೆ ಅದೇ ಸರಿ ಅನ್ನಿಸಿತು. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದೆವು. ಆ ಘಾಟಿಗೆ ಕೆಮ್ಮಿ ಕೆಮ್ಮಿ ರಾಜಿಯ ಭುಜ ಇನ್ನಷ್ಟು ನೊಂದಿತು. ಪಾಲಪ್ಪ ಇಷ್ಟೂ ಸಲಹೆ ಕೊಟ್ಟದ್ದು ನಮ್ಮ ಮನೆಯ ಮುದ್ದೆ ಉಣ್ಣುತ್ತಾ.

ಒಂದು ಸಂಜೆ ನಾನು ಹಿತ್ತಿಲಿನಿಂದ ಒಳಗೆ ಬಂದೆ. ರಾಜಿ ಕನ್ನಡಿಯ ಚೂರಿನ ಮುಂದೆ ನಿಂತು, ಕೂದಲನ್ನು ಗಂಟು ಹಾಕಿಕೊಳ್ಳಲು ನೋಡುತ್ತಿದ್ದಳು. ಬಲಗೈ ಕಿವಿಯವರೆಗೆ ಹೋಗಿ ಅಲ್ಲೇ ನಡುಗಿ ಕೆಳಗೆ ಬಿತ್ತು. ಮತ್ತೊಮ್ಮೆ ಎತ್ತಿದಳು, ಮತ್ತೆ ಬಿತ್ತು. ನನ್ನನ್ನು ನೋಡಿದ ಕೂಡಲೇ ಜಗಳ ತೆಗೆಯುತ್ತಾಳೆ ಅಂದುಕೊಂಡಿದ್ದೆ. "ವನಜಾನೇ ಕಟ್ಲಿ ಬುಡಿ" ಎಂದು ಮೆಲ್ಲಗೆ ಹೇಳಿ ಮುಖ ತಿರುಗಿಸಿದಳು. ಯಾವುದಕ್ಕೂ ರಾಜಿಯಾಗದವಳ ಬಾಯಲ್ಲಿ ಆ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ಮಾರನೆಯ ದಿನವೇ ಕಾರು ತೆಗೆದು ತುಮಕೂರಿಗೆ ಹೊರಟೆ.

ಡಾಕ್ಟರು ತೋಳನ್ನು ಹಿಂದೆ ಮುಂದೆ ಮಾಡಿ ನೋಡಿ ಮುಖ ಗಂಟಿಕ್ಕಿದರು. "ಇಷ್ಟರಲ್ಲಿ ತಲೆಯ ಮೇಲಕ್ಕೆ ಬರಬೇಕಿತ್ತು. ಶುಗರಿಲ್ಲ, ವ್ಯಾಯಾಮ ಮಾಡ್ತಿದ್ದಾರೆ. ನಾನು ಬೇಡ ಅಂದಿದ್ದನ್ನೇನಾದರೂ ಮಾಡ್ತಿದ್ದಾರಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಸಾಧ್ಯಾನೇ ಇಲ್ಲ ಸಾರ್! ಸ್ಟೇರಿಂಗ್ ಕಡೆ ತಿರುಗಿ ನೋಡೋಕೂ ಬುಟ್ಟಿಲ್ಲ. ಬೇಕಾದ್ರೆ ನೋಡಿ, ಗಾಡಿ ಕೀ ನನ್ನ ಉಡಿದಾರದಲ್ಲೈತೆ." ತೋರಿಸಲು ಹೋದೆ. ನರ್ಸಮ್ಮ ಮುಖ ಆ ಕಡೆ ಮಾಡಿದರು.

"ಗಾಡಿ ಕೀನಾ?"

"ನೀವೇ ಅಲ್ವಾ ಸಾರ್ ಹೆವಿ ಸ್ಟೇರಿಂಗ್ ಬ್ಯಾಡ ಅಂದಿದ್ದು? ನಾನು ಲೈಟೂ ಬಂದ್ ಮಾಡ್ಸಿದೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ರಾಜಿಯ ಕಡೆ ತಿರುಗಿ, "ಅಮ್ಮಾ, ನೀವು ಬಸ್ ಓಡಿಸ್ತೀರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು.

"ನಂಗೆ ಸೈಕಲ್ಲೂ ಬರಕಿಲ್ಲ ಸಾ."

"ಮತ್ತೆ ಮನೇಲಿ ಏನು ಕೆಲಸ ಮಾಡ್ತೀರಿ?"

"ಏನಿಲ್ಲ ಸಾ. ಎಲ್ಡೊತ್ತೂ ಹಿಟ್ಟು ತಿರುವ್ತೀನಿ, ಅಷ್ಟೇಯ."

"ಹಿಟ್ಟು ತಿರುವೋದು ಅಂದ್ರೆ? ತೋರಿಸಿ."

ರಾಜಿ ನೆಲದ ಮೇಲೆ ಇಲ್ಲದ ಪಾತ್ರೆಯನ್ನು ಕಾಲಲ್ಲಿ ಒತ್ತಿ, ಇಲ್ಲದ ಕೋಲನ್ನು ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ ಗರಗರ ತಿರುವಿ ತೋರಿಸಿದಳು. ಡಾಕ್ಟರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು.

"ಯಜಮಾನ್ರೇ! ಸ್ಟೇರಿಂಗ್ ಅಲ್ಲ, ಸ್ಟಿರಿಂಗ್! ಸ್ಟಿರಿಂಗ್ ಅಂದ್ರೆ ತಿರುವೋದು, ತೊಳಸೋದು! ಇದನ್ನೇ ನಾನು ಬೇಡವೇ ಬೇಡ ಅಂದಿದ್ದು! ಈ ಭುಜ ಸವೆದಿದ್ದೇ ಇದರಿಂದ ಅಂತ ಕಾಣುತ್ತೆ!"

ನಾನು ತಿರುಗುವ ಫ್ಯಾನನ್ನೇ ನೋಡಿದೆ. ರಾಜಿ ನನ್ನನ್ನೇ ನೋಡಿದಳು. ಪುಣ್ಯಕ್ಕೆ ಹೊಲಿಗೆ ಬಿಟ್ಟಿರಲಿಲ್ಲ, ಸುತ್ತ ಊದಿಕೊಂಡು ಬಿಗಿದಿತ್ತು, ಅಷ್ಟೇ. ಇನ್ನಾದರೂ ಹೇಳಿದಂತೆ ಕೇಳಿದರೆ ಮದುವೆ ಹೊತ್ತಿಗೆ ಕೈ ಮೇಲೇಳಬಹುದು ಎಂದರು ಡಾಕ್ಟರು. ಕೊನೆಗೆ ನನ್ನ ಮಾನ ಉಳಿಸಲೆಂದೋ ಏನೋ ನಗುತ್ತಾ, "ನಿಜ ಹೇಳಬೇಕಂದ್ರೆ, ಇನ್ನು ಸ್ವಲ್ಪ ದಿನ ಹೋದಮೇಲೆ ಪವರ್ ಸ್ಟೇರಿಂಗ್ ಇರೋ ಕಾರಾದ್ರೆ ಧಾರಾಳವಾಗಿ ಓಡಿಸಬಹುದು. ಸ್ಟೇರಿಂಗಿಗೆ ನನ್ನ ಅಭ್ಯಂತರವಿಲ್ಲ" ಎಂದರು.

ನಮ್ಮದು ಪವರ್ ಸ್ಟೇರಿಂಗ್ ಕಾರು. ಈ ಸಂಗತಿ ರಾಜಿಗೆ ಗೊತ್ತಿತ್ತು, ಏಕೆಂದರೆ ಕಾರು ತಂದ ದಿನ ಬೀದಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೆ.

ವಾಪಸು ಬರುವಾಗ ಕೊರಟಗೆರೆ ದಾಟಿದ ಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು: "ಸ್ಟೇರಿಂಗ್ ಅಂದ್ರೆ ಹಿಟ್ಟಿನ ಕೋಲು ಅನ್ಕೊಂಡ್ಯಾ ಅಂತ ನಕ್ಕಿದ್ರಲ್ಲ. ಈಗ ಹಂಗನ್ಕೊಂಡೋರು ಯಾರು?"

ನಾನು ಗೇರ್ ಬದಲಾಯಿಸಿದೆ.

"ಇವತ್ತಿಂದ ಕೋಲು ನಿಮ್ದು. ಡಾಕ್ಟ್ರು ಯಾವಾಗ ಹೂಂ ಅಂತಾರೋ, ಅವತ್ತಿಂದ ಸ್ಟೇರಿಂಗ್ ನಂದು."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಅವತ್ತೇ ನಾನು ಎಸರಿಟ್ಟೆ. ರಾಜಿ ಮಣೆಯ ಮೇಲೆ ಕೂತು, ನಾನು ಕ್ಲೀನರ್ ಹುಡುಗರನ್ನು ಬೈಯುತ್ತಿದ್ದ ಧಾಟಿಯಲ್ಲೇ ಶುರು ಮಾಡಿದಳು: "ನಿಲ್ಲಿಸ್ಬ್ಯಾಡ್ರೀ! ಬ್ರೇಕ್ ಹಾಕಿದ್ರೆ ಗಂಟಾಯ್ತದೆ! ಅಂಚಿಂದ ತನ್ನಿ, ಅಂಚಿಂದ! ಅಯ್ಯೋ, ಏನ್ ಡ್ರೈವರ್ರೋ ನೀವು!" ಬಸ್ಸಿನ ಚಕ್ರ ಎಂದೂ ಇಷ್ಟು ಮೊಂಡಾಟ ಮಾಡಿದ್ದಿಲ್ಲ. ಕೋಲು ಒಂದು ಕಡೆ ಹೋದರೆ ಪಾತ್ರೆ ಇನ್ನೊಂದು ಕಡೆ ಹೋಯಿತು. ಕೊನೆಗೆ ತಟ್ಟೆಗೆ ಬಂದದ್ದನ್ನು ಪಾಲಪ್ಪ ಮುರಿದು, ಒಳಗಿದ್ದ ಒಣಹಿಟ್ಟಿನ ಗೋಲಿಯೊಂದನ್ನು ಹೊರಗೆ ತೆಗೆದು ದೀಪಕ್ಕೆ ಹಿಡಿದು ನೋಡಿದ. "ಡ್ರೈವರಣ್ಣಾ, ಈ ರೋಡಲ್ಲಿ ಹಂಪ್ಸು ಜಾಸ್ತಿ ಐತೆ" ಎಂದು ಕೈ ತೊಳೆದುಕೊಂಡ. ಆಮೇಲೆ ಬಹಳ ದಿನ ಅವನು ನಮ್ಮ ಮನೆಯ ಕಡೆ ಊಟದ ಹೊತ್ತಿಗೆ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಹೂಂ ಅಂದರು. ನಮ್ಮೂರ ಬೆಟ್ಟದ ಕೆಳಗಿನ ಬಯಲಿನಲ್ಲಿ ಡ್ರೈವಿಂಗ್ ಕಲಿಸುವ ಗುರುಪೀಠ ನನ್ನದಾಯಿತು. ಬೆಳಿಗ್ಗೆ ಅನುಭವಿಸಿದ್ದನ್ನೆಲ್ಲ ಸಂಜೆ ತೀರಿಸಿಕೊಳ್ಳಬೇಕೆಂದು ಬಾಯಿಗೆ ಸಾಣೆ ಹಿಡಿಸಿಕೊಂಡು ಹೋಗಿದ್ದೆ. ರಾಜಿ ಮೊದಲ ದಿನ ಎರಡು ಸಲ ಎಂಜಿನ್ ಆಫ್ ಮಾಡಿದಳು, ಒಂದು ಎಮ್ಮೆಗೆ ಹಾರನ್ ಬದಲು ವೈಪರ್ ಹಾಕಿದಳು. ಅಷ್ಟೇ. ಆಮೇಲೆ ಕಾರು ಅವಳ ಮಾತು ಕೇಳತೊಡಗಿತು. "ಅಂಚಿಂದ ತಂದು ನಡುವಿಗೆ ತಿರುವೋದು, ಎಲ್ಲೂ ಜರ್ಕ್ ಆಗ್ಬಾರ್ದು. ಹಿಟ್ಟಿಗಿಂತ ಸಲೀಸು ಕಣ್ರೀ ಇದು. ಇದಕ್ಕಾ ಇಷ್ಟ್ ವರ್ಷ ಮೀಸೆ ತಿರುವ್ಕೊಂಡು ಓಡಾಡಿದ್ರಿ?" ಎಂದಳು. ಬೈಯಲು ಸಿದ್ಧವಾಗಿದ್ದ ಬಾಯನ್ನು ಹಾಗೇ ಮುಚ್ಚಿಕೊಂಡೆ. ಶಿವರಾತ್ರಿಯ ಹೊತ್ತಿಗೆ ಲೈಸೆನ್ಸು ಬಂತು. ಲೈಟು. (ಅಯ್ಯೋ ಪಾಪ ಅನ್ನುವ ಧೈರ್ಯ ಬರಲಿಲ್ಲ.)

ಗೋಡೆಯ ಮೇಲೆ ಕುಂಕುಮ ಮತ್ತೆ ಹತ್ತತೊಡಗಿತ್ತು. ಒಂದು ಬೆಳಿಗ್ಗೆ ನಾನು ಕೋಲು ಹಿಡಿದು ಒದ್ದಾಡುತ್ತಿರುವಾಗ ಅವಳು, "ರೀ!" ಎಂದು ಕೂಗಿದಳು. ತಿರುಗಿ ನೋಡಿದರೆ ಅರಿಶಿನದ ಬೊಟ್ಟಿನ ಮೇಲೆ ಅವಳ ಕೆಂಪು ಬೆರಳು. ನಾನು ಕೋಲು ಬಿಟ್ಟು ಅವಳ ಹತ್ತಿರ ಹೋಗಿ ನಿಂತೆ. ಮುದ್ದೆ ತಳ ಹಿಡಿಯಿತು. ಅವತ್ತು ಅವಳು ಬೈಯದೆ ಅದನ್ನೇ ಉಂಡಳು.

ಮದುವೆಗೆ ಮಧುಗಿರಿಯಿಂದ ಪಾವಗಡಕ್ಕೆ ರಾಜಿಯೇ ಕಾರು ಓಡಿಸಿದಳು. ತಾನೇ ಗಂಟು ಹಾಕಿಕೊಂಡ ತುರುಬು, ಅದರ ಮೇಲೆ ಮೊಳ ಕನಕಾಂಬರ. ಹಿಂದಿನ ಸೀಟಿನಲ್ಲಿ ಪಾಲಪ್ಪ. ಪಕ್ಕದಲ್ಲಿ ನಾನು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ತುಳಿಯುತ್ತಾ. ಹೇಳದಿದ್ದ ಸಂಗತಿಯೊಂದಿದೆ: ಕೆಲವು ವಾರಗಳಿಂದ ನನ್ನ ಬಲಭುಜದಲ್ಲಿ ಏನೋ ಹಿಡಿದುಕೊಂಡಿತ್ತು. ಕೋಲು ತಿರುವುವಾಗ ಒಮ್ಮೆ 'ಕಳಕ್' ಅಂದಿತ್ತು. ಬಸ್ಸು ಓಡಿಸಿದ ಭುಜವನ್ನು ಮುದ್ದೆ ಮುರಿಯಿತು ಎಂದು ಯಾವ ಬಾಯಲ್ಲಿ ಹೇಳಲಿ?

ಛತ್ರದಲ್ಲಿ ವನಜಾ ಹೊಸ ಸೀರೆಯುಟ್ಟು ಮದುಮಗಳ ಪಕ್ಕದಲ್ಲೇ ನಿಂತಿದ್ದಳು. "ಪಾಪ, ಅಕ್ಕಂಗೆ ಆಗ್ದಿದ್ರೆ ನಾನಿದೀನಿ" ಎಂದು ಯಾರಿಗೋ ಹೇಳುತ್ತಿದ್ದಳು. ಪುರೋಹಿತರು ಸೋದರತ್ತೆಯನ್ನು ಕರೆದರು. ರಾಜಿ ಬಾಸಿಂಗ ತೆಗೆದುಕೊಂಡಳು. ಬಿಂದುಶ್ರೀ ತಲೆ ಬಗ್ಗಿಸಲು ಹೋದರೆ, "ನೀನು ನೆಟ್ಗೆ ನಿಂತ್ಕೊ ತಾಯಿ" ಎಂದಳು. ಎರಡು ಕೈಯೂ ಒಟ್ಟಿಗೆ ಎದ್ದವು. ಹಣೆ ದಾಟಿ, ತಲೆಯ ಹಿಂದಕ್ಕೆ ಹೋಗಿ, ನಿಧಾನವಾಗಿ ಗಂಟು ಹಾಕಿದವು. ವನಜಾ ಸೀರೆಯ ಸೆರಗು ಸರಿಮಾಡಿಕೊಂಡಳು. ನನ್ನ ಕಣ್ಣು ಮಂಜಾಯಿತು. ಹೋಮದ ಹೊಗೆ ಎಂದು ಪಾಲಪ್ಪನಿಗೆ ಹೇಳಿದೆ. ಹೋಮ ಇನ್ನೂ ಶುರುವಾಗಿರಲಿಲ್ಲ.

ಮಾಂಗಲ್ಯಕ್ಕೆ ವಾಲಗ ಜೋರಾಯಿತು. ಎಲ್ಲರೂ ಅಕ್ಷತೆ ಹಿಡಿದು ಕೈ ಎತ್ತಿದರು. ನಾನೂ ಎತ್ತಿದೆ. ಎದೆಯವರೆಗೆ ಬಂದ ಬಲಗೈ ಅಲ್ಲಿಂದ ಮುಂದಕ್ಕೆ ಬರಲೊಲ್ಲದು. ಜೋರು ಮಾಡಿ ಎಸೆದೆ. ಅಕ್ಷತೆ ಅಷ್ಟೂ ನನ್ನ ಮುಂದೆ ನಿಂತಿದ್ದ ಪರ್ವತಯ್ಯನ ಕೊರಳಪಟ್ಟಿಯೊಳಗೆ ಇಳಿಯಿತು. ಅವನು ಬೆನ್ನು ಕೊಡವುತ್ತಾ ತಿರುಗಿ, ನನ್ನ ಕೈಯನ್ನು ನೋಡಿ, ವಾಲಗಕ್ಕಿಂತ ಜೋರಾಗಿ ಕೇಳಿದ: "ಏಂ ಬಾವಾ! ಈಗ ನಿಮ್ದು ಚೆಯ್ಯಿ ಲೇಸ್ತಾ ಇಲ್ಲವಾ?"

ರಾಜಿ ಮಂಟಪದ ಮೇಲಿಂದ ನೋಡಿದಳು. ಅವಳಿಗೆ ಎಲ್ಲಾ ಗೊತ್ತಾಯಿತು.

ಊಟ ಮುಗಿಸಿ ಹೊರಟಾಗ ಅವಳೇ ನನ್ನ ಸೀಟ್ ಬೆಲ್ಟ್ ಎಳೆದು ಹಾಕಿದಳು. "ಯಾಕ್ರೀ ಹೇಳ್ಲಿಲ್ಲ?" ಎಂದಳು. ಗದರಿಕೆಯಂತೆ ಇತ್ತು, ಆದರೆ ಕೈ ನನ್ನ ಭುಜವನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು. "ನಾಳೆ ತುಮಕೂರಿಗೆ ಕರ್ಕೊಂಡು ಹೋಯ್ತೀನಿ. ಡಾಕ್ಟ್ರು ಏನ್ ಕೆಲ್ಸ ಮಾಡ್ತೀರಾ ಅಂದ್ರೆ ಏನಂತೀರಾ?"

"ಸ್ಟೇರಿಂಗ್..."

"ಸ್ಟಿರಿಂಗ್! ಸ್ಪಷ್ಟವಾಗ್ ಹೇಳಿ. ಮತ್ತೆ ಎಡವಟ್ ಮಾಡ್ಕೋಬ್ಯಾಡಿ."

"ಅಂಗಾದ್ರೆ ನಾಳೆಯಿಂದ ಹಿಟ್ಟು ತಿರುವೋರು ಯಾರೇ?" ಎಂದು ನಾನು ನಿಜವಾದ ಭಯದಿಂದ ಕೇಳಿದೆ.

"ಬ್ರೆಡ್ಡು" ಎಂದಳು. "ಪಾಲಪ್ಪ ಆಗ್ಲೇ ಎಲ್ರಿಗೂ ಫೋನ್ ಮಾಡಿ, ಡ್ರೈವರಣ್ಣಂಗೆ ಭುಜ ಹೋಗೈತೆ, ಮಾತಾಡ್ಸೋಕೆ ಬನ್ನಿ ಅಂತಿದ್ದ."

ಪಾಲಪ್ಪ ಮದುವೆಯೂಟದ ಭಾರಕ್ಕೆ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ. ಛತ್ರದ ಮುಂದೆ ಗಾಡಿಗಳ ಸಂತೆ. ರಾಜಿ ರಿವರ್ಸ್ ಗೇರ್ ಹಾಕಿ, ತುರುಬನ್ನು ಬಲಗೈಯಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡು, "ರೀ, ಹಿಂದ್ಗಡೆ ನೋಡಿ ಹೇಳ್ರೀ" ಎಂದಳು.

ನಾನು, ಹೆವಿ ಲೈಸೆನ್ಸಿನ ಮೂಡಲಗಿರಿಯಪ್ಪ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಡಗೈಯಲ್ಲಿ ಬಾಗಿಲು ಬಡಿದು, "ರೈಟ್... ರೈಟ್..." ಎಂದೆ.